ಅಂಚಿನಲ್ಲಿ ಬರೆದ ಹೆಸರು

ನಾಣ್ಯಕ್ಕೆ ಎರಡು ಮುಖಗಳೆಂಬುದನ್ನು ನಾವೆಲ್ಲರೂ ಬಲ್ಲೆವು. ಯುದ್ಧದ ಪದಕಕ್ಕೆ ಮಾತ್ರ ಮೂರು ಮುಖಗಳುಂಟು. ಒಂದು ಕಡೆ ಅರಸನ ಇಲ್ಲವೆ ಅರಸಿಯ ತಲೆ. ಇನ್ನೊಂದು ಕಡೆ ಗೆಲುವಿನ ಚಿತ್ರ. ಇವೆರಡರ ನಡುವಣ ಸಣ್ಣ ಅಂಚಿನಲ್ಲಿ, ಅದನ್ನು ಎದೆಯ ಮೇಲೆ ಧರಿಸಿದವನ ಹೆಸರು. ಮೊದಲಿನ ಎರಡು ಮುಖಗಳನ್ನು ಎಲ್ಲರೂ ನೋಡುತ್ತಾರೆ. ಮೂರನೆಯದನ್ನು ತಿರುಗಿಸಿ ಓದುವವರು ವಿರಳ. ಆ ಮೂರನೆಯ ಮುಖವನ್ನು ಕುರಿತು ಈ ತಿಂಗಳು ವಾಚಕರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ.

ಇದಕ್ಕಾಗಿ ನಾವು ಆರಿಸಿಕೊಂಡಿರುವುದು ‘ಆರ್ಮಿ ಆಫ್ ಇಂಡಿಯಾ ಮೆಡಲ್’ ಎಂಬ ಬೆಳ್ಳಿಯ ಪದಕವನ್ನು. 1851ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ವಿಕ್ಟೋರಿಯಾ ರಾಣಿಯ ಒಪ್ಪಿಗೆ ಪಡೆದು, ತನ್ನ ಖರ್ಚಿನಲ್ಲಿ ಇದನ್ನು ಅಚ್ಚು ಹಾಕಿಸಿತು. ಮುಂಭಾಗದಲ್ಲಿ ವಿಲಿಯಂ ವಾಯನ್ ಎಂಬ ಪ್ರಸಿದ್ಧ ಶಿಲ್ಪಿ ಕೆತ್ತಿದ ರಾಣಿಯ ಮುಖವಿದೆ. ಹಿಂಭಾಗದಲ್ಲಿ ರೆಕ್ಕೆಗಳುಳ್ಳ ವಿಜಯದೇವತೆಯೊಬ್ಬಳು ಕೈಯಲ್ಲಿ ಎಲೆಯ ಮಾಲೆ ಹಿಡಿದು ಕುಳಿತಿದ್ದಾಳೆ. ಪಕ್ಕದಲ್ಲಿ, ಇದು ಹಿಂದುಸ್ತಾನವೆಂದು ತಿಳಿಸುವುದಕ್ಕಾಗಿಯೋ ಎಂಬಂತೆ, ಒಂದು ತಾಳೆಯ ಮರ. ಮೇಲೆ ‘ಭಾರತದ ಸೈನ್ಯಕ್ಕೆ’ ಎಂಬರ್ಥದ ಇಂಗ್ಲಿಷ್ ಬರಹ, ಕೆಳಗೆ 1799–1826 ಎಂಬ ಇಸವಿಗಳು. ಇದನ್ನು ತೂಗುಹಾಕುತ್ತಿದ್ದುದು ತಿಳಿನೀಲಿ ಬಣ್ಣದ ರಿಬ್ಬನ್ನಿನಲ್ಲಿ. ಆ ರಿಬ್ಬನ್ನಿನ ಮೇಲೆ, ಸೈನಿಕನು ಭಾಗವಹಿಸಿದ ಕಾಳಗದ ಹೆಸರನ್ನು ಕೊರೆದ ಬೆಳ್ಳಿಯ ಅಡ್ಡಪಟ್ಟಿ. ಅಂತಹ ಅಡ್ಡಪಟ್ಟಿಗಳು ಒಟ್ಟು ಇಪ್ಪತ್ತೊಂದು. ಅಲಿಗಢ, ದಿಲ್ಲಿ, ಅಸ್ಸಾಯೆ, ಅರಗಾಂವ್, ಗಾವಿಲಗಢ, ನೇಪಾಳ, ಪುಣೆ, ನಾಗಪುರ, ಮಹಿದಪುರ, ಕೋರೆಗಾಂವ್, ಆವಾ, ಭರತಪುರ ಮೊದಲಾದ ಹೆಸರುಗಳು ಅವುಗಳಲ್ಲಿ ಕಾಣಸಿಗುತ್ತವೆ.

ಇವುಗಳಲ್ಲಿ ‘ಅಸ್ಸಾಯೆ’ ಎಂಬ ಪಟ್ಟಿಯಿದ್ದು, ಅಂಚಿನಲ್ಲಿ 19ನೆಯ ಲೈಟ್ ಡ್ರಗೂನ್ ದಳದ ಒಬ್ಬ ಸಾಮಾನ್ಯ ರಾವುತನ ಹೆಸರಿರುವ ಪದಕವೊಂದನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ಅಂತಹ ಒಂದು ಪದಕವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದೇ ನಮ್ಮ ವಿಷಯ. ಈ ದಳದ ಕುದುರೆಗಳು ತುಳಿದ ನೆಲ ಬಹುಮಟ್ಟಿಗೆ ನಮ್ಮದೇ ಆದ್ದರಿಂದ ಈ ವಿಷಯವು ನಮಗೆ ಪರಕೀಯವಲ್ಲ.

ಇಂಗ್ಲೆಂಡಿನ ದೊರೆಯ ಕುದುರೆ ದಂಡುಗಳಲ್ಲಿ ಭಾರತಕ್ಕೆ ಬಂದ ಮೊತ್ತಮೊದಲನೆಯದು ಈ ದಳ. 1781ರಲ್ಲಿ ಕಟ್ಟಲ್ಪಟ್ಟು, 1782ರಲ್ಲಿ ಮದರಾಸಿಗೆ ಬಂದಿಳಿದಾಗ ಅದರ ಸಂಖ್ಯೆ 23 ಆಗಿದ್ದಿತು. 1786ರಲ್ಲಿ ಅದು 19 ಆಯಿತು. ಹೈದರಾಲಿಯ ಕುದುರೆ ದಂಡಿನೆದುರು ಕಂಪನಿಯ ಕಾಲಾಳುಗಳು ಪಟ್ಟ ಪಾಡೇ ಇಂತಹ ದಳವೊಂದನ್ನು ಕಡಲು ದಾಟಿಸಿ ತರಿಸುವುದಕ್ಕೆ ಕಾರಣ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಅದನ್ನು ಮುತ್ತಿದ್ದ ಸೈನ್ಯದಲ್ಲಿ ಈ ದಳವೂ ಇದ್ದಿತು.

ಶ್ರೀರಂಗಪಟ್ಟಣದ ಗೆಲುವಿಗಾಗಿ ಕಂಪನಿಯು ಬೇರೆಯೇ ಒಂದು ಪದಕವನ್ನು ಮಾಡಿಸಿತು. 1808ರಲ್ಲಿ ಹಂಚಲಾದ ಆ ಪದಕದ ಮೇಲೆ ಬ್ರಿಟಿಷ್ ಸಿಂಹವು ಮೈಸೂರಿನ ಹುಲಿಯನ್ನು ಕೆಡವಿ ತುಳಿಯುತ್ತಿದೆ. ಅದನ್ನು ದೊಡ್ಡವರಿಗೆ ಚಿನ್ನದಲ್ಲಿ, ಅವರಿಗಿಂತ ಕೆಳಗಿನವರಿಗೆ ಚಿನ್ನದ ನೀರು ಹೊಯ್ದ ಬೆಳ್ಳಿಯಲ್ಲಿ, ಆಮೇಲಿನವರಿಗೆ ಬರಿಯ ಬೆಳ್ಳಿಯಲ್ಲಿ, ಮತ್ತೆ ಕಂಚಿನಲ್ಲಿ, ಕಟ್ಟಕಡೆಗೆ ಸಾಮಾನ್ಯ ಸೈನಿಕರಿಗೂ ಸಿಪಾಯಿಗಳಿಗೂ ತವರದಲ್ಲಿ ಕೊಟ್ಟರು. ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿದರೂ ಬಡಿಸುವುದರಲ್ಲಿ ಭೇದ ಮಾಡಿದಂತಾಯಿತು. ಆದರೂ ಎಲೆ ಹಾಕಿದರೆಂಬುದನ್ನು ಮರೆಯಲಾಗದು. ಆ ಪದಕದ ಅಂಚಿನಲ್ಲಿ ಮಾತ್ರ ಯಾರ ಹೆಸರನ್ನೂ ಒತ್ತಿರಲಿಲ್ಲ. ಸಾಮಾನ್ಯ ಸೈನಿಕನವರೆಗೆ ಎಲ್ಲರಿಗೂ ಒಂದೇ ಲೋಹದ ಪದಕವನ್ನು, ಅವರವರ ಹೆಸರನ್ನು ಅಂಚಿನಲ್ಲಿ ಒತ್ತಿ, ಬ್ರಿಟಿಷ್ ಸರ್ಕಾರವು ಕೊಟ್ಟದ್ದು 1815ರ ವಾಟರ್ಲೂ ಕಾಳಗದ ತರುವಾಯ.

ಶ್ರೀರಂಗಪಟ್ಟಣದ ಮರುವರ್ಷವೇ ನಮ್ಮ ರಾವುತನ ದಳವು ಮತ್ತೆ ಕುದುರೆಯೇರಿತು. ಚನ್ನಗಿರಿಯಲ್ಲಿ ಹುಟ್ಟಿ, ಟಿಪ್ಪುವಿನ ಸೆರೆಯಲ್ಲಿದ್ದು, ಪಟ್ಟಣವು ಬಿದ್ದಾಗ ಹೊರಬಂದ ಧೋಂಡಿಯಾ ವಾಘನು ‘ಉಭಯಲೋಕಾಧೀಶ್ವರ’ನೆಂದು ಕರೆದುಕೊಂಡು, ಸಾವಿರಾರು ಸವಾರರನ್ನು ಕೂಡಿಸಿಕೊಂಡು ಕಂಪನಿಯನ್ನು ಎದುರಿಸಿದನು. 1800ರ ಮಳೆಗಾಲವಿಡೀ ಆರ್ಥರ್ ವೆಲ್ಲೆಸ್ಲಿಯು, ಎಂದರೆ ಮುಂದೆ ವೆಲಿಂಗ್ಟನ್ನಿನ ಡ್ಯೂಕನೆನಿಸಿದಾತನು, ಅವನನ್ನು ಬೆನ್ನಟ್ಟಿದನು. ಕುಂದಗೋಳ, ಡಂಬಳಗಳನ್ನು ಹಾಯ್ದು ಮಲಪ್ರಭೆಯ ದಂಡೆಯವರೆಗೆ, ಅಲ್ಲಿಂದ ಕೃಷ್ಣಾ ತುಂಗಭದ್ರೆಗಳ ನಡುವಣ ಎರೆಯ ನೆಲಕ್ಕೆ ಆ ಓಟ ಸಾಗಿತು. ಸೆಪ್ಟೆಂಬರ್ 10ರಂದು ಕೋನಗಲ್ ಎಂಬ ಹಳ್ಳಿಯ ಬಳಿ 19 ಮತ್ತು 25ನೆಯ ಡ್ರಗೂನ್ ದಳಗಳೂ ಮದರಾಸಿನ ಎರಡು ದೇಶೀಯ ಕುದುರೆ ದಂಡುಗಳೂ ಒಂದೇ ಸಾಲಾಗಿ ನುಗ್ಗಿದವು. ಧೋಂಡಿಯಾ ಅಲ್ಲಿಯೇ ಮಡಿದನು. ಅವನ ಡೇರೆಯ ಸಾಮಾನುಗಳ ನಡುವೆ ಸಿಕ್ಕ ಸಲಾಬತ್ ಖಾನನೆಂಬ ಬಾಲಕನನ್ನು ವೆಲ್ಲೆಸ್ಲಿಯು ತನ್ನ ಆಶ್ರಯದಲ್ಲಿ ಇಟ್ಟುಕೊಂಡು, ದೇಶ ಬಿಡುವಾಗ ಅವನ ಪಾಲನೆಗೆ ಹಣವನ್ನೂ ಇರಿಸಿಹೋದನು. ಮನುಷ್ಯಸ್ವಭಾವವು ಇಷ್ಟು ವಿಚಿತ್ರವಾದುದು.

1803ರ ಮಾರ್ಚಿಯಲ್ಲಿ ಹರಿಹರದಿಂದ ಇನ್ನೊಂದು ನಡೆ ಮೊದಲಾಯಿತು. ಪುಣೆಯಿಂದ ಓಡಿಹೋಗಿದ್ದ ಪೇಶ್ವೆ ಎರಡನೆಯ ಬಾಜೀರಾಯನನ್ನು ಮತ್ತೆ ಗದ್ದುಗೆಗೆ ತರುವುದು ಅದರ ಉದ್ದೇಶ. ಈ ಸೈನ್ಯದ ಹಿಂದೆ ನಮ್ಮ ನಾಡಿನ ಎಷ್ಟು ಶ್ರಮವಿದ್ದಿತೆಂಬುದನ್ನು ಪದಕದಿಂದ ತಿಳಿಯಲಾಗದು. ತೋಪುಗಳನ್ನೂ ಸಾಮಗ್ರಿಯನ್ನೂ ಎಳೆದವು ಮೈಸೂರಿನ ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜರ ಕಾಲದ ಬೆಣ್ಣೆಚಾವಡಿಯಿಂದ ಬಂದು, ಹೈದರ್ ಟಿಪ್ಪುಗಳ ಕೈಯಲ್ಲಿ ಬೆಳೆದ ತಳಿಯದು. ಕಾಳುಕಡಿ ಹೊತ್ತು ದಂಡಿನೊಡನೆ ನಡೆದವರು ನಾವು ಲಂಬಾಣಿಗಳೆಂದು ಬಲ್ಲ ಬಂಜಾರರು. ದಿವಾನ್ ಪೂರ್ಣಯ್ಯನವರು ಕಳುಹಿಸಿದ ಮೈಸೂರಿನ ಸಿಲ್ಲೇದಾರ ಸವಾರರೂ ಜೊತೆಯಲ್ಲಿದ್ದರು. ಏಪ್ರಿಲ್ 20ರಂದು ಪುಣೆ, ಆಗಸ್ಟಿನಲ್ಲಿ ಅಹಮದನಗರದ ಕೋಟೆ, ಸೆಪ್ಟೆಂಬರಿನಲ್ಲಿ ಗೋದಾವರಿಯಾಚೆಯ ಬಯಲು. ಹೀಗೆ ದಂಡು ಮುಂದುವರಿಯಿತು.

ಸೆಪ್ಟೆಂಬರ್ 23ರಂದು, ಇಂದಿನ ಜಾಲ್ನಾ ಜಿಲ್ಲೆಯ ಅಸ್ಸಾಯೆ ಎಂಬ ಹಳ್ಳಿಯ ಬಳಿ, ದೌಲತರಾವ್ ಸಿಂಧಿಯಾ ಹಾಗೂ ನಾಗಪುರದ ರಘೂಜಿ ಭೋಂಸಲೆಯರ ಬೃಹತ್ ಸೈನ್ಯವು ಕೈಲನಾ ನದಿಯ ಆಚೆಗೆ ಬೀಡುಬಿಟ್ಟಿದ್ದಿತು. ವೆಲ್ಲೆಸ್ಲಿಯ ಬಳಿ ಕಾದಾಡುವ ಸಾಲಿನಲ್ಲಿದ್ದವರು ಸುಮಾರು ನಾಲ್ಕೂವರೆ ಸಾವಿರ ಮಂದಿ. ನದಿ ದಾಟಲು ಹಾಯಗಡವೇ ಇಲ್ಲವೆಂದು ದಾರಿ ತೋರುವವರು ಹೇಳಿದರು. ಆದರೆ ಪಿಪಳಗಾಂವ್ ಮತ್ತು ವರೂರ್ ಎಂಬ ಎರಡು ಹಳ್ಳಿಗಳು ಹೊಳೆಯ ಎರಡು ದಡಗಳಲ್ಲಿ ಎದುರುಬದುರಾಗಿ ಇರುವುದನ್ನು ಕಂಡು, ಇಷ್ಟು ಹತ್ತಿರದ ಎರಡು ಊರುಗಳಿಗೆ ಹೋಗಿಬರುವ ದಾರಿ ಇಲ್ಲದಿರಲಾರದೆಂದು ಆತನು ಊಹಿಸಿದನು. ಹೊಳೆಯ ಬದಿಯ ಊರುಗಳಲ್ಲಿ ಹೆಣ್ಣು ಕೊಟ್ಟು ತರುವ ನಮ್ಮವರಿಗೆ ಈ ತರ್ಕ ಹೊಸದಲ್ಲ. ಹಾಯಗಡ ಅಲ್ಲಿಯೇ ಇದ್ದಿತು, ಸೈನ್ಯವು ದಾಟಿತು. ಮೈಸೂರಿನ ಸವಾರರೂ ಪೇಶ್ವೆಯ ಸವಾರರೂ ಹೊಳೆಯ ತೆಂಕಣ ದಡದಲ್ಲಿಯೇ ನಿಂತು ಮರಾಠಾ ಕುದುರೆ ದಂಡಿನ ಮೇಲೆ ಕಣ್ಣಿಟ್ಟರು.

ಕಾಳಗದಲ್ಲಿ 74ನೆಯ ಹೈಲ್ಯಾಂಡರ್ ಕಾಲಾಳು ದಳವು ಅಸ್ಸಾಯೆಯ ಗೋಡೆಗಳಿಗೆ ತೀರ ಸಮೀಪ ಹೋಗಿ, ತೋಪುಗಳ ಬಾಯಿಗೆ ಸಿಕ್ಕಿತು. ಅದರ ಅಧಿಕಾರಿಗಳಲ್ಲಿ ಬಹುತೇಕ ಎಲ್ಲರೂ ಸತ್ತರು ಇಲ್ಲವೆ ಗಾಯಗೊಂಡರು. ಉಳಿದವರನ್ನು ಕಾಪಾಡುವುದಕ್ಕೆ ಕರ್ನಲ್ ಮ್ಯಾಕ್ಸ್‌ವೆಲ್‌ನ ಕೈಕೆಳಗೆ 19ನೆಯ ದಳವೂ ಮದರಾಸಿನ ದೇಶೀಯ ಕುದುರೆ ದಂಡುಗಳೂ ನುಗ್ಗಿದವು. ನಮ್ಮ ರಾವುತನ ಪದಕದಲ್ಲಿನ ಬೆಳ್ಳಿಯ ಪಟ್ಟಿ ಸಾರುವುದು ಈ ಗಳಿಗೆಯನ್ನೇ. ಅಂದೇ ಇನ್ನೊಮ್ಮೆ ನುಗ್ಗುವಾಗ ಮ್ಯಾಕ್ಸ್‌ವೆಲ್ ಮಡಿದನು. ಎದುರಾಳಿಗಳ ಕಡೆಯ ತೋಪಿನವರ ಧೈರ್ಯವನ್ನೂ ಇಲ್ಲಿ ಹೇಳದಿರಲಾಗದು. ತಮ್ಮ ತೋಪುಗಳ ಕೆಳಗೆ ಸತ್ತವರಂತೆ ಬಿದ್ದುಕೊಂಡು, ಆಂಗ್ಲರ ಸಾಲು ಮುಂದೆ ಹಾಯ್ದೊಡನೆ ಎದ್ದು, ತೋಪುಗಳನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾರಿಸಿದರು. ಅವುಗಳನ್ನು ಎರಡನೆಯ ಬಾರಿ ಗೆಲ್ಲುವುದಕ್ಕೆ ವೆಲ್ಲೆಸ್ಲಿಯೇ ಸ್ವತಃ ಹೋಗಬೇಕಾಯಿತು. ಸಂಜೆಯ ಹೊತ್ತಿಗೆ 98 ತೋಪುಗಳು ಆತನ ಕೈಸೇರಿದವು.

ಆ ಒಂದು ಮಧ್ಯಾಹ್ನಕ್ಕೆ ತೆತ್ತ ಬೆಲೆಯನ್ನು ಸೈನ್ಯದ ಲೆಕ್ಕವೇ ಹೇಳುತ್ತದೆ. ವೆಲ್ಲೆಸ್ಲಿಯ ಕಡೆಯಲ್ಲಿ ಸತ್ತವರು 428, ಗಾಯಗೊಂಡವರು 1,138, ಕಾಣೆಯಾದವರು 18. ಸತ್ತವರಲ್ಲಿ ಯೂರೋಪಿಯನ್ನರು 198, ಭಾರತೀಯರು 230. ಗಾಯಗೊಂಡವರಲ್ಲಿಯೂ ಭಾರತೀಯರೇ ಹೆಚ್ಚು: 696. ಚರಿತ್ರೆಯ ಪುಸ್ತಕಗಳಲ್ಲಿ ‘ಇಂಗ್ಲಿಷರ ಗೆಲುವು’ ಎಂದು ಓದುವಾಗ ಈ ಅಂಕಿಗಳು ನಮ್ಮ ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಪದಕದ ಮಾತು. ಗೆದ್ದ ದಳಗಳಿಗೆ ಕಂಪನಿಯು ಗೌರವದ ಬಾವುಟಗಳನ್ನೂ ಆನೆಯ ಲಾಂಛನವನ್ನೂ ಕೊಟ್ಟಿತು. ರಾವುತನ ಎದೆಗೆ ಮಾತ್ರ ಏನೂ ಬರಲಿಲ್ಲ. ವರ್ಷಗಳುರುಳಿದವು. 19ನೆಯ ದಳವು ಇಂಗ್ಲೆಂಡಿಗೆ ಮರಳಿತು. 1821ರಲ್ಲಿ ಆ ದಳವನ್ನೇ ವಿಸರ್ಜಿಸಿದರು. 1847ರಲ್ಲಿ ಯೂರೋಪಿನ ಹಳೆಯ ಯುದ್ಧಗಳ ಸೈನಿಕರಿಗೆ ಪದಕ ಮಂಜೂರಾದಾಗ, ಭಾರತದಲ್ಲಿ ಕಾದಿದ ಮುದುಕರು ತಮ್ಮನ್ನು ಕೇಳುವವರಿಲ್ಲವೆ ಎಂದರು. ಅದರ ಫಲವಾಗಿ 1851ರಲ್ಲಿ ಈ ಪದಕ ಬಂದಿತು. ಅಸ್ಸಾಯೆಯ ದಿನ ಇಪ್ಪತ್ತು ವರ್ಷದ ತರುಣನಾಗಿದ್ದವನಿಗೆ ಆಗ ಅರುವತ್ತೆಂಟು. ನಡುವೆ ಹೋದ ವರ್ಷಗಳು ನಲವತ್ತೆಂಟು. ಪದಕ ಬರುವ ಹೊತ್ತಿಗೆ, ಅದರ ಅಂಚಿನಲ್ಲಿ ಹೆಸರಿಸಿದ ದಳವೇ ಲೋಕದಲ್ಲಿ ಇಲ್ಲದೆ ಮೂವತ್ತು ವರ್ಷಗಳಾಗಿದ್ದವು.

ಅದೂ ಬದುಕಿದ್ದವರಿಗೆ ಮಾತ್ರ; ತಾವಾಗಿ ಕೇಳಿಕೊಂಡವರಿಗೆ ಮಾತ್ರ. ಅಸ್ಸಾಯೆಯಲ್ಲಿ ಸತ್ತ ಮ್ಯಾಕ್ಸ್‌ವೆಲ್‌ನಿಗೆ ಪದಕವಿಲ್ಲ. ಗಾಯದಿಂದ ನರಳಿ ಹತ್ತು ವರ್ಷಗಳ ಮೇಲೆ ತೀರಿಕೊಂಡವನಿಗೂ ಇಲ್ಲ. ಇಪ್ಪತ್ತೊಂದು ಕಾಳಗಗಳಿಗೆ ಸೇರಿ ಕೊಡಲಾದ ಪದಕಗಳು ಸುಮಾರು ನಾಲ್ಕೂವರೆ ಸಾವಿರ. ಅದರಲ್ಲಿ ಬಹು ದೊಡ್ಡ ಪಾಲು ಬರ್ಮಾ ಯುದ್ಧದ್ದು. ಅಸ್ಸಾಯೆಯ ಪಟ್ಟಿ ಪಡೆದ ಯೂರೋಪಿಯನ್ನರು ನೂರು ಮಂದಿಗೂ ಕಡಿಮೆ. ಕಂಪನಿಯ ಸಿಪಾಯಿಗಳಿಗೂ ಇದನ್ನು ಪಡೆಯುವ ಹಕ್ಕಿದ್ದಿತು. ಆದರೆ ಯಾವುದೋ ಹಳ್ಳಿಯಲ್ಲಿ ಕೋಲೂರಿ ನಡೆಯುತ್ತಿದ್ದ ವೃದ್ಧ ಸಿಪಾಯಿಗೆ, ಐವತ್ತು ವರ್ಷಗಳ ಹಿಂದಿನ ಕಾಳಗಕ್ಕಾಗಿ ಈಗ ಪದಕವುಂಟೆಂಬ ವರ್ತಮಾನವನ್ನು ಮುಟ್ಟಿಸುವವರು ಯಾರು? ಕೊಡಲಾದ ಪದಕಗಳಲ್ಲಿ ಹೆಚ್ಚಿನವು ಯೂರೋಪಿಯನ್ನರ ಪಾಲಾದುದರಲ್ಲಿ ಆಶ್ಚರ್ಯವಿಲ್ಲ.

ಹೇಳದೆ ಬಿಟ್ಟ ಹೆಸರುಗಳನ್ನು ಇನ್ನಷ್ಟು ನೋಡೋಣ. ಪದಕದ ಮೇಲೆ 1799 ಎಂದು ಬರೆದಿದ್ದರೂ ಅದರ ಮೊದಲ ಪಟ್ಟಿ 1803ರದು. ಕುಂದಗೋಳದಿಂದ ಕೋನಗಲ್ಲಿನವರೆಗೆ ಮಳೆಯಲ್ಲಿ ಕೆಸರಿನಲ್ಲಿ ಕುದುರೆಯ ಮೇಲೆ ಕಳೆದ ತಿಂಗಳುಗಳಿಗೆ ಪಟ್ಟಿಯಿಲ್ಲ. ಅಹಮದನಗರಕ್ಕೆ ಪಟ್ಟಿಯಿಲ್ಲ. ನಮ್ಮ ಸೊಲ್ಲಾಪುರದ ವಾಚಕರು ಗಮನಿಸಬೇಕಾದುದೊಂದಿದೆ. 1818ರ ಮೇ ತಿಂಗಳಿನಲ್ಲಿ ಥಾಮಸ್ ಮನ್ರೋ, ಆದವಾನಿ ರಾಯದುರ್ಗಗಳ ಕಡೆಯ ರೈತರು ಹಿಂದೆಯೇ ಕಲೆಕ್ಟರನಾಗಿ ಕಂಡಿದ್ದ ಅದೇ ಮನ್ರೋ, ಪೇಶ್ವೆಯ ಉಳಿದ ಸೈನ್ಯವನ್ನು ಸೊಲ್ಲಾಪುರದ ಪೇಟೆಯಲ್ಲೂ ಕೋಟೆಯಲ್ಲೂ ಸೋಲಿಸಿದನು. ಓಡುತ್ತಿದ್ದವರನ್ನು ಬೆನ್ನಟ್ಟಿದ್ದು 22ನೆಯ ಡ್ರಗೂನ್ ದಳದ ರಾವುತರು. ಕೋನಗಲ್ಲಿನಲ್ಲಿ ಕಾದಿದ್ದ 25ನೆಯ ದಳಕ್ಕೇ 1802ರಲ್ಲಿ ಈ ಹೊಸ ಸಂಖ್ಯೆ ಬಂದಿದ್ದಿತು. ಹದಿನೆಂಟು ವರ್ಷಗಳ ಅಂತರದಲ್ಲಿ ನಮ್ಮ ಸೀಮೆಯಲ್ಲಿಯೇ ಎರಡು ಬಾರಿ ನೆತ್ತರು ಹರಿಸಿದ ದಳಕ್ಕೆ ಆ ಎರಡು ಸ್ಥಳಗಳಲ್ಲಿ ಒಂದರ ಹೆಸರೂ ಬೆಳ್ಳಿಯಲ್ಲಿ ದೊರೆಯಲಿಲ್ಲ. ಆ ದಳವನ್ನೂ 1820ರಲ್ಲಿ ವಿಸರ್ಜಿಸಿದರು.

ಅಂದಮೇಲೆ ಪದಕವು ಮಾಡಿದ ಕೆಲಸದ ದಾಖಲೆಯಲ್ಲ. ಕೊಡುವವರು ಯಾವುದನ್ನು ನೆನಪಿನಲ್ಲಿಡಲು ಬಯಸಿದರೋ ಅದರ ದಾಖಲೆ. ಲಂಬಾಣಿಯ ಗೋಣಿ, ಅಮೃತಮಹಲ್ ಎತ್ತಿನ ಹೆಗಲು, ತೋಪಿನ ಕೆಳಗೆ ಸತ್ತಂತೆ ಬಿದ್ದು ಎದ್ದ ಗೋಲಂದಾಜನ ಗಂಡೆದೆ, 230 ಮಂದಿ ಸಿಪಾಯಿಗಳ ಜೀವ, ಇವು ಯಾವುದಕ್ಕೂ ಅದರಲ್ಲಿ ಎಡೆಯಿಲ್ಲ. ಹಾಗೆಂದು ಅಂಚಿನಲ್ಲಿ ಹೆಸರಿರುವ ಆ ರಾವುತನನ್ನು ನಾವು ಹಗೆಯೆಂದು ಕಾಣಬೇಕಾಗಿಲ್ಲ. ಅವನೂ ಬಡವರ ಮನೆಯ ಮಗನೇ. ಕೂಲಿಗೋ ಹೊಟ್ಟೆಗೋ ಸೇರಿ, ಆರು ತಿಂಗಳ ಕಡಲಯಾನ ಮಾಡಿ ಬಂದವನು. ಸಾಮ್ರಾಜ್ಯದಿಂದ ಲಾಭ ಪಡೆದವರು ಬೇರೆ. ಅವನಿಗೆ ದೊರೆತದ್ದು ಮುಪ್ಪಿನಲ್ಲಿ ಒಂದು ಬಿಲ್ಲೆ, ಅದರ ಅಂಚಿನಲ್ಲಿ ಒಂದು ಸಾಲು. ಆ ಸಾಲು ಇಲ್ಲದಿದ್ದರೆ ಅವನೆಂಬವನೊಬ್ಬ ಇದ್ದನೆಂಬುದೂ ಎಷ್ಟೋ ಸಂದರ್ಭಗಳಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಇಂದು ಸಂಗ್ರಾಹಕರು ಇಂತಹ ಪದಕಗಳಿಗೆ ದೊಡ್ಡ ಬೆಲೆ ಕೊಡುವುದು ಬೆಳ್ಳಿಗಾಗಿ ಅಲ್ಲ, ಆ ಸಾಲಿಗಾಗಿ. ಆ ಆಸೆಗೆ ಅಂಚನ್ನು ಉಜ್ಜಿ ಬೇರೆ ಹೆಸರು ಕೊರೆಯುವ ಮೋಸಗಾರರೂ ಉಂಟು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಒಂದು ಉದ್ದೇಶವಿದೆ. ಅಸ್ಸಾಯೆ ನಡೆದುದು ಸೆಪ್ಟೆಂಬರ್ 23ರಂದು ಎಂದೆವು. ಅದೇ ತಾರೀಖಿನಂದು, 1918ರಲ್ಲಿ, ದೂರದ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ನುಗ್ಗಿ ಗೆದ್ದವರು ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರ್ ದಳಗಳವರು. ಆ ಮಹಾಯುದ್ಧಕ್ಕೆ ದಕ್ಷಿಣದ ಹಳ್ಳಿಗಳಿಂದ ಸವಾರರಾಗಿ, ಸಿಪಾಯಿಗಳಾಗಿ, ಕೂಲಿ ದಳದವರಾಗಿ ಹೋದವರು ಅನೇಕರು. ಅವರಿಗೆ ಬಂದ ಬ್ರಿಟಿಷ್ ವಾರ್ ಮೆಡಲ್ ಸೈನಿಕರಿಗೆ ಬೆಳ್ಳಿಯದು, ಕೂಲಿ ದಳದವರಿಗೆ ಕಂಚಿನದು. ಎಲೆ ಹಾಕಿ ಬಡಿಸುವುದರಲ್ಲಿ ಭೇದ ಮಾಡುವ ಪದ್ಧತಿ ನೂರು ವರ್ಷಗಳಾದರೂ ಹೋಗಿರಲಿಲ್ಲ. ಆದರೆ ಬೆಳ್ಳಿಯದರ ಅಂಚಿನಲ್ಲಿಯೂ ಕಂಚಿನದರ ಅಂಚಿನಲ್ಲಿಯೂ ಹೆಸರಿದೆ.

ಗಡಿಯಾಚೆಯ ನಮ್ಮ ಮನೆತನಗಳಲ್ಲಿ ಅಜ್ಜ ಮುತ್ತಜ್ಜಂದಿರ ಇಂತಹ ಬಿಲ್ಲೆಗಳು ಪೆಟ್ಟಿಗೆಯ ತಳದಲ್ಲಿಯೋ ದೇವರ ಗೂಡಿನಲ್ಲಿಯೋ ಇರುವುದುಂಟು. ರಾಣಿಯ ಮುಖವೋ ರಾಜನ ಮುಖವೋ ಇರುವುದನ್ನು ಕಂಡು, ಇದು ಹಳೆಯ ನಾಣ್ಯವೆಂದು ತಿಳಿದು, ಮಗಳ ಕಾಲುಗೆಜ್ಜೆಗೋ ಮಗುವಿನ ಉಡಿದಾರಕ್ಕೋ ಅಕ್ಕಸಾಲಿಯ ಕುಲುಮೆಗೆ ಹಾಕುವವರಿದ್ದಾರೆ. ಹಾಗೆ ಮಾಡುವ ಮೊದಲು ದಯವಿಟ್ಟು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಅಂಚನ್ನು ಓದಿರಿ. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ, ಈ ನಾಲ್ಕರಲ್ಲಿ ಕಂಡಷ್ಟನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿರಿ. ಹಬ್ಬಕ್ಕೆ ಬೆಳ್ಳಿಯ ಪಾತ್ರೆಗಳೊಡನೆ ಅದಕ್ಕೂ ವಿಭೂತಿ ಹಚ್ಚಿ ತಿಕ್ಕದಿರಿ. ತಿಕ್ಕಿದಷ್ಟೂ ಅಕ್ಷರಗಳು ಸವೆಯುತ್ತವೆ. ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.

ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಕೆಲಸವನ್ನೂ ಮಾಡಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡು, ಆತ ಯಾವ ಊರಿಂದ ಹೋದ, ಹಿಂದಿರುಗಿದನೆ, ಅವನು ಹೋದಾಗ ಹೊಲ ಉತ್ತವರು ಯಾರು, ಮನೆ ನಡೆಸಿದ ಹೆಂಗಸು ಯಾರು ಎಂದು ಕೇಳಿ, ಅದನ್ನೂ ಅದೇ ಕಾಗದದಲ್ಲಿ ಕನ್ನಡದಲ್ಲಿ ಬರೆದು ಬಿಲ್ಲೆಯೊಡನೆ ಇಡಿರಿ. ಪದಕವನ್ನು ಕೊಟ್ಟವರು ಒಂದು ಹೆಸರನ್ನು ಮಾತ್ರ ಬರೆದರು. ಉಳಿದ ಹೆಸರುಗಳನ್ನು ಬರೆಯುವ ಹೊಣೆ ಮನೆಯವರದು.

ದೊಡ್ಡ ಚರಿತ್ರೆಯು ಮುಖಗಳನ್ನು ನೋಡುತ್ತದೆ, ಅಂಚುಗಳನ್ನು ಓದುವುದಿಲ್ಲ. ನಾಡಿನ ಅಂಚಿನಲ್ಲಿ ಬಾಳುವ ನಮಗೆ ಇದು ಹೊಸ ಸಂಗತಿಯೇನೂ ಅಲ್ಲ. ನಮ್ಮ ಅಂಚನ್ನು ನಾವೇ ಓದಿಕೊಳ್ಳೋಣ, ಬರೆದಿಡೋಣ.